ಅರ್ಥ ಆಗಲಿಲ್ಲ ಎಂದ ಮೇಸ್ತ್ರಿ

ಆ ವರದಿಯ ಕೊನೆಯ ಪುಟ ನೆನಪಾದರೆ ಮೇಸ್ತ್ರಿಗೆ ಇವತ್ತಿಗೂ ಮೈ ಉರಿಯುತ್ತದೆ. ‘ಕುರ್ಚಿ, ಮೈಕು ಹಾಗೂ ಟೀ ವ್ಯವಸ್ಥೆಯಲ್ಲಿ ಸಹಕರಿಸಿದವರು’ ಎಂದು ಬರೆದು, ಅದರ ಕೆಳಗೆ ಅವನ ಹೆಸರು ಹಾಕಿದ್ದಾರೆ. ಅದೂ ಟೀ ತಂದವನಿಗಿಂತ ಒಂದು ಸಾಲು ಕೆಳಗೆ. ಐದು ದಿನ ಅವನು ಆ ತರಬೇತಿಯ ಹಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ, ಒಂದೇ ಒಂದು ಕುರ್ಚಿ ಹೊತ್ತಿರಲಿಲ್ಲ. ಮೈಕನ್ನು ಮುಟ್ಟಿರಲಿಲ್ಲ, ಅವನ ಗಂಟಲಿಗೆ ಅದರ ಅಗತ್ಯವೂ ಇಲ್ಲ. ಇನ್ನು ಟೀ ಅಂತೀರಾ, ದಿನಕ್ಕೆ ನಾಲ್ಕು ಲೋಟ ಕುಡಿದದ್ದುಂಟು, ಯಾರಿಗೂ ಕೊಟ್ಟದ್ದಿಲ್ಲ. ಇಪ್ಪತ್ತೆರಡು ಮಂದಿ ಓದಿದ ಅಧ್ಯಾಪಕರಿಗೆ, ಪಾಠ ಮಾಡುವುದು ಹೇಗೆ ಎಂದು ಆ ಐದು ದಿನದಲ್ಲಿ ಒಂದಿಷ್ಟು ಗೊತ್ತಾಗಿದ್ದರೆ, ಅದಕ್ಕೆ ಕಾರಣ ಮುಂದಿನ ಸಾಲಿನ ಎಡಗಡೆಯ ಕುರ್ಚಿ, ಆ ಕುರ್ಚಿಯಲ್ಲಿ ಕೂತಿದ್ದ ಇವನು.

ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಹದಿನಾಲ್ಕರ ವಯಸ್ಸಿಗೆ ಒಂದು ಲೇತ್ ಅಂಗಡಿಗೆ ಸೇರಿ, ಅಲ್ಲಿಂದ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿಗೆ ಬಂದು ಇಪ್ಪತ್ತಾರು ವರ್ಷ. ಕಾಗದದಲ್ಲಿ ಅವನ ಹುದ್ದೆ ಸಹಾಯಕ. ಆದರೆ ಆ ಕಾಲೇಜಿನಲ್ಲಿ ಲೇತಿಗೆ ಕಬ್ಬಿಣ ಕಟ್ಟಿ ತಿರುಗಿಸಿದ ಪ್ರತಿ ಇಂಜಿನಿಯರೂ ಅದನ್ನು ಕಲಿತದ್ದು ಇವನ ಬೈಗುಳದ ಕೆಳಗೆ. ಬಲಗೈ ತೋಳು ಯಾವಾಗಲೂ ಮೊಣಕೈ ಮೇಲಕ್ಕೆ ಮಡಚಿರಬೇಕು. ತನ್ನ ಮದುವೆಯ ಫೋಟೋದಲ್ಲೂ ಹಾಗೇ ನಿಂತಿದ್ದಾನೆ. ಜೋಲುವ ತೋಳನ್ನು ಲೇತ್ ಹಿಡಿದರೆ ತೋಳಿನ ಜೊತೆ ಕೈಯೂ ಹೋಗುತ್ತದೆ ಅನ್ನುವುದು ಅವನ ಮೊದಲ ಪಾಠ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ, ಅದಕ್ಕೇ ವಿದ್ಯಾರ್ಥಿಗಳು ಇಟ್ಟ ಹೆಸರು ಬಾಯ್ಲರ್. ಅದು ಅವನಿಗೂ ಗೊತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಒಂದು ದಿನ ನೋಟಿಸ್ ಬೋರ್ಡಿಗೆ ಆದೇಶ ಬಂತು. ಬೋಧನೆ ಸುಧಾರಿಸಲು ಐದು ದಿನದ ತರಬೇತಿ ಇದೆ. ಬರುವ ಅವಧಿಯಿಂದ ತರಬೇತಿಯ ಸರ್ಟಿಫಿಕೇಟ್ ಇದ್ದವರು ಮಾತ್ರ ಪಾಠ ಮಾಡಬೇಕು, ವರ್ಕ್‌ಶಾಪಿನ ತರಗತಿಯನ್ನೂ ಅವರೇ ನಡೆಸಬೇಕು. ಮೇಸ್ತ್ರಿ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ಹಾಗಾದರೆ ನನ್ನ ಹೆಸರನ್ನೂ ತರಬೇತಿಗೆ ಬರೆದುಕೊಳ್ಳಿ ಅಂದ. ಮುಖ್ಯಸ್ಥರು ಕೈಗಡಿಯಾರ ನೋಡಿಕೊಂಡರು. ಅವರು ಎಲ್ಲದಕ್ಕೂ ಮೊದಲು ಗಡಿಯಾರ ನೋಡುವವರು, ವಿದ್ಯಾರ್ಥಿಗಳು ಅವರನ್ನು ಗಡಿಯಾರ ಅಂತಲೇ ಕರೆಯುತ್ತಿದ್ದರು. ತರಬೇತಿಗೆ ಡಿಗ್ರಿ ಬೇಕು ಅಂದರು. ಇನ್ನು ಮೇಲೆ ಮಷಿನ್ನಿಗೆ ಎಣ್ಣೆ ಹಾಕಿಕೊಂಡು, ಕಸ ಗುಡಿಸಿಕೊಂಡು, ಸಂಬಳ ಎಣಿಸಿಕೊಂಡು ಹಾಯಾಗಿರು, ವಯಸ್ಸೂ ಆಯಿತು ಅಂದರು.

ಮೇಸ್ತ್ರಿಗೆ ಇದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಸಂಬಳಕ್ಕೆ ಕುತ್ತು ಬಂದಿರಲಿಲ್ಲ, ಅದು ನಿಜ. ಆದರೆ ಮಕ್ಕಳ ಮುಂದೆ ನಿಂತು, ಲೇತಿನಲ್ಲಿ ಕಬ್ಬಿಣ ಕತ್ತರಿಸುವ ಟೂಲ್ ಕೈಯಲ್ಲಿ ಹಿಡಿದು ‘ಇಲ್ಲಿ ನೋಡ್ರೋ’ ಅನ್ನುವ ಹಕ್ಕು ಹೋದರೆ ಅವನ ಹತ್ತಿರ ಉಳಿಯುವುದು ಎಣ್ಣೆಡಬ್ಬಿ. ಇಪ್ಪತ್ತಾರು ವರ್ಷದ ಮೇಲೆ ಎಣ್ಣೆಡಬ್ಬಿ. ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದ. ಅವಳು ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆ, ನನ್ನ ಮುಂದೆ ಕೂಗಿದರೆ ಆದೇಶ ಹರಿದುಹೋಗುತ್ತಾ, ಕೂಗುವ ಕಡೆ ಹೋಗಿ ಕೂಗಿ ಅಂದಳು.

ಕೂಗುವ ಅವಕಾಶ ತಾನಾಗಿ ಬಂತು.

ತರಬೇತಿ ಮಧ್ಯಾಹ್ನ ಎರಡರಿಂದ ಐದು. ತನ್ನ ಜಾಗಕ್ಕೆ ಬರುವವರ ಮುಖ ಹೇಗಿದೆ ನೋಡೋಣ ಎಂದು ಮೇಸ್ತ್ರಿ ಮೊದಲ ದಿನ ಹಾಲಿನ ಬಾಗಿಲಲ್ಲಿ ನಿಂತಿದ್ದ. ಫೋಟೋ ತೆಗೆಯುವವನು ಬಂದಿದ್ದ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಕಾಣುತ್ತಿತ್ತು. ಮುಖ್ಯಸ್ಥರು ಕೈಸನ್ನೆ ಮಾಡಿ, ಬಾರಯ್ಯ, ಇಲ್ಲಿ ಕೂತ್ಕೋ, ಏನೂ ಮಾಡಬೇಡ, ಸುಮ್ಮನೆ ಕೂತಿರು ಅಂದರು. ಫೋಟೋ ಆಯಿತು. ಏಳು ಎಂದು ಹೇಳುವುದನ್ನು ಮರೆತರು.

ಪಾಠ ಕಲಿಸಲು ಬಂದಿದ್ದವರು ಬೇರೆ ವಿಶ್ವವಿದ್ಯಾಲಯದ ಒಬ್ಬ ಹಿರಿಯ ಮೇಡಂ. ತಲೆಯೆಲ್ಲ ನರೆತಿತ್ತು, ಮಾತು ಕಮ್ಮಿ. ಅವರು ಇಟ್ಟ ನಿಯಮ ಇಷ್ಟೇ: ಒಬ್ಬೊಬ್ಬ ಅಧ್ಯಾಪಕರೂ ಹತ್ತು ನಿಮಿಷ ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳಂತೆ ಕೂತು ಕೇಳಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಆಟ ಶುರುವಾಯಿತು. ಒಬ್ಬರು ಎದ್ದು ಹತ್ತು ನಿಮಿಷ ಏನೋ ಹೇಳುವುದು, ಅರ್ಥ ಆಯ್ತಾ ಅಂತ ಕೇಳುವುದು, ಎಲ್ಲರೂ ಕೋಲೆಬಸವನ ಹಾಗೆ ತಲೆ ಆಡಿಸುವುದು. ಅರ್ಥ ಆಗದೆ ಏನು? ಕೂತವರೆಲ್ಲ ಅದನ್ನೇ ಹತ್ತಿಪ್ಪತ್ತು ವರ್ಷ ಓದಿದವರು. ನೀನು ನನಗೆ ಒಂಬತ್ತು ಕೊಡು, ನಾನು ನಿನಗೆ ಒಂಬತ್ತು ಕೊಡುತ್ತೇನೆ. ಈಜು ಬಲ್ಲವರನ್ನೇ ಕೆರೆಗೆ ತಳ್ಳಿ, ನೋಡಿ ಎಷ್ಟು ಚೆನ್ನಾಗಿ ಕಲಿಸಿದೆ ಅಂದ ಹಾಗಿತ್ತು.

ಐದನೆಯವರಾಗಿ ಎದ್ದದ್ದು ಸ್ಲೈಡ್ ಮೇಡಂ. ಮೂವತ್ತೈದರ ಆಚೆಯ ಹೆಣ್ಣುಮಗಳು, ಎಂಟು ವರ್ಷದಿಂದ ತಾತ್ಕಾಲಿಕ ಅಧ್ಯಾಪಕಿ. ಪ್ರತಿ ವರ್ಷ ಕೆಲಸ ಉಳಿಯುತ್ತೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕಾಯುವವರು. ಪರದೆಯ ಮೇಲೆ ಏನಿರುತ್ತದೋ ಅದನ್ನೇ ಓದುತ್ತಾರೆ ಎಂದು ವಿದ್ಯಾರ್ಥಿಗಳು ಆ ಹೆಸರಿಟ್ಟಿದ್ದರು. ಅವತ್ತೂ ಹಾಗೇ ಹದಿನಾಲ್ಕು ಸ್ಲೈಡ್ ಓದಿದರು. ಗೆರೆ, ಕೋನ, ಗ್ರೀಕ್ ಅಕ್ಷರ, ಸಮೀಕರಣ. ಕೊನೆಗೆ ಅರ್ಥ ಆಯ್ತಾ ಅಂದರು. ಇಪ್ಪತ್ತೊಂದು ತಲೆ ಆಡಿದವು.

ಮೇಸ್ತ್ರಿ ಎದ್ದು ನಿಂತ. “ನಂಗೆ ಅರ್ಥ ಆಗಲಿಲ್ಲ.”

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿರಿಯ ಮೇಡಂ ಮಾತ್ರ ಕನ್ನಡಕ ಸರಿಮಾಡಿಕೊಂಡು, ಯಾವ ಭಾಗ ಎಂದು ಕೇಳಿದರು. ಯಾವುದರ ವಿಷಯ ಹೇಳಿದರು ಅನ್ನೋದೇ ಗೊತ್ತಾಗಲಿಲ್ಲ ಅಂದ ಮೇಸ್ತ್ರಿ.

ಸ್ಲೈಡ್ ಮೇಡಂ ಮುಖ ಕೆಂಪಾಗಿತ್ತು. “ಲೇತ್ ಟೂಲಿನ ಕೋನಗಳು, ಮೇಸ್ತ್ರಿಯವರೇ. ಟೂಲ್ ಮಸೆಯೋದರ ಬಗ್ಗೆ.”

ಮೇಸ್ತ್ರಿ ಪರದೆಯನ್ನೊಮ್ಮೆ ನೋಡಿದ, ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಅವತ್ತು ಬೆಳಿಗ್ಗೆಯಷ್ಟೇ ಆರು ಟೂಲ್ ಮಸೆದಿದ್ದ.

“ಟೂಲ್ ಮಸೆಯೋದಾ? ಅದು ನನ್ನ ಕೆಲಸ ಅಲ್ವಾ ಮೇಡಂ? ಇಪ್ಪತ್ತಾರು ವರ್ಷದಿಂದ ನಾನು ಮಾಡ್ತಿರೋದನ್ನೇ ಹೇಳ್ತಿದ್ದೀರಿ ಅಂತ ನನಗೇ ತಿಳೀಲಿಲ್ಲ ಅಂದ್ರೆ, ಮೊನ್ನೆ ಬಂದು ಸೇರಿದ ಮಕ್ಕಳ ಗತಿ ಏನು?”

ಮುಖ್ಯಸ್ಥರು ಎದ್ದು, ಮೇಸ್ತ್ರಿ, ಇದು ಇಂಜಿನಿಯರಿಂಗ್, ನಿನ್ನ ಮಟ್ಟಕ್ಕೆ ಇಳಿಸಿ ಹೇಳುವಂಥದ್ದಲ್ಲ, ಹೋಗಿ ನಿನ್ನ ಕೆಲಸ ನೋಡಿಕೋ ಅಂದರು.

“ಇಳಿಸಬೇಡಿ ಸಾರ್. ನನ್ನನ್ನೇ ಹತ್ತಿಸಿ. ಮೆಟ್ಟಿಲು ಎಲ್ಲಿದೆ ಅಂತಲಾದ್ರೂ ತೋರಿಸಿ.”

ಅವನು ಹೊರಡಲು ಕುರ್ಚಿ ಸರಿಸಿದ. ಹಿರಿಯ ಮೇಡಂ ಕೂತಿರಿ ಅಂದರು. ಅಲ್ಲಿಗೆ ನಿಯಮ ಬದಲಾಯಿತು. ಇನ್ನು ಮುಂದೆ ಯಾರು ಯಾರಿಗೂ ಅಂಕ ಕೊಡುವುದು ಬೇಡ, ಪಾಠ ಮುಗಿದ ಮೇಲೆ ಈ ಮೇಸ್ತ್ರಿ ಎದ್ದು ತನಗೆ ಏನು ಅರ್ಥವಾಯಿತು ಅಂತ ಹೇಳುತ್ತಾರೆ, ಅದರ ಮೇಲೆ ನಾನೇ ಅಂಕ ಹಾಕುತ್ತೇನೆ ಅಂದರು. ಓದಿದ ಇಪ್ಪತ್ತೆರಡು ಮಂದಿಯೂ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಕೂತರು.

ಎರಡನೇ ದಿನ ಒಬ್ಬೊಬ್ಬರಾಗಿ ಮುಗ್ಗರಿಸಿದರು. ಮೇಸ್ತ್ರಿಯೇನೂ ಕೊಂಕು ಮಾಡುತ್ತಿರಲಿಲ್ಲ. ಅರ್ಥವಾದರೆ ಆಯಿತು ಅನ್ನುತ್ತಿದ್ದ, ಇಲ್ಲದಿದ್ದರೆ ಇಲ್ಲ. ಸೇತುವೆಯ ಲೆಕ್ಕ ಹೇಳಿದ ಒಬ್ಬರು ಮರದ ಪಟ್ಟಿ ತಂದು ಮೊಣಕಾಲಿಗೆ ಒತ್ತಿ ಬಗ್ಗಿಸಿ ತೋರಿಸಿದಾಗ, ಮೇಲಿನ ಮೈ ಒತ್ತಿಕೊಳ್ಳುತ್ತೆ, ಕೆಳಗಿನ ಮೈ ಎಳೆದುಕೊಳ್ಳುತ್ತೆ, ನಡುವೆ ಒಂದು ಗೆರೆಗೆ ಏನೂ ಆಗಲ್ಲ ಎಂದು ತಾನೇ ಹೇಳಿ, ಹೇಳಿದ್ದಕ್ಕೆ ತಾನೇ ಖುಷಿಪಟ್ಟ. ಆಮೇಲೆ ಮುಖ್ಯಸ್ಥರ ಸರದಿ. ಮೂವತ್ತು ವರ್ಷದ ಅನುಭವ, ಬೋರ್ಡಿನ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಮೇಸ್ತ್ರಿ ಮೂರು ಸಲ ಅರ್ಥ ಆಗಲಿಲ್ಲ ಅಂದ. ಮೂರು ಸಲವೂ ಅವರು ಅದೇ ವಾಕ್ಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿ ಗಡಿಯಾರ ನೋಡಿಕೊಂಡರು. ಕಿವುಡನಿಗೆ ಹೇಳುವ ಹಾಗೆ ಹೇಳಬೇಡಿ ಸಾರ್, ನನ್ನ ಕಿವಿ ಸರಿಯಾಗಿದೆ ಅಂದುಬಿಟ್ಟ. ಹತ್ತಕ್ಕೆ ನಾಲ್ಕು ಬಿತ್ತು. ಆ ವರದಿ ಬರೆದದ್ದು ಇದೇ ಮುಖ್ಯಸ್ಥರು. ಮೇಸ್ತ್ರಿಯ ಹೆಸರು ಟೀಯವನಿಗಿಂತ ಕೆಳಗೆ ಯಾಕೆ ಹೋಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ದಿನ ಮೇಸ್ತ್ರಿ ನೆಲದಿಂದ ಅರ್ಧ ಅಡಿ ಮೇಲೆ ನಡೆದ. ಮೂರನೇ ದಿನ ಬೆಳಿಗ್ಗೆ ಹಿರಿಯ ಮೇಡಂ ಹೇಳದೆ ಕೇಳದೆ ವರ್ಕ್‌ಶಾಪಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. ಅವನು ಎಂದಿನಂತೆ ಗುಡುಗುತ್ತಾ ಪಾಠ ಮಾಡಿದ. ಒಬ್ಬ ಹುಡುಗ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟಿದ್ದಕ್ಕೆ, ಮಷಿನ್ ತಿರುಗಿದರೆ ಅದು ಹಾರಿ ನಿನ್ನ ಹಣೆಗೇ ಬರೋದು ಕಣೋ ಕತ್ತೆ ಎಂದು ಅವನ ಅಪ್ಪನವರೆಗೂ ಹೋಗಿ ಬಂದ. ಮಕ್ಕಳು ಹೊರಟ ಮೇಲೆ ಹಿರಿಯ ಮೇಡಂ ತಣ್ಣಗೆ ಒಂದೇ ಮಾತು ಕೇಳಿದರು. ಇಷ್ಟು ವರ್ಷದಲ್ಲಿ ನಿಮ್ಮ ಮುಂದೆ ಎಷ್ಟು ಮಂದಿ ಅರ್ಥ ಆಗಲಿಲ್ಲ ಅಂದಿದ್ದಾರೆ?

ಮೇಸ್ತ್ರಿ ಎದೆ ಉಬ್ಬಿಸಿದ. “ಒಬ್ಬರೂ ಇಲ್ಲ ಮೇಡಂ.”

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತಿಳಿಯಿತು. ಗಡಿಯಾರದ ಮುಂದೆ ತಲೆ ಆಡಿಸುವವರೂ ಬಾಯ್ಲರ್ ಮುಂದೆ ತಲೆ ಆಡಿಸುವವರೂ ಒಂದೇ. ಬೇರೆಯವರಿಗೆ ತೋಡಿದ ಹಳ್ಳದಲ್ಲಿ ಸೊಂಟದ ತನಕ ತಾನೇ ನಿಂತಿದ್ದ. ಹಿರಿಯ ಮೇಡಂ ಸೀರೆಗೆ ಅಂಟಿದ ಕಬ್ಬಿಣದ ಪುಡಿ ಕೊಡವಿಕೊಂಡು ಹೋದರು.

ಸಂಜೆ ಮನೆಯಲ್ಲಿ, ನಾನು ಅಷ್ಟೊಂದು ಹೆದರಿಸ್ತೀನೇನೇ ಎಂದು ಹೆಂಡತಿಯನ್ನು ಕೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. “ಮಗಳಿಗೆ ಸೈಕಲ್ ಕಲಿಸಿದ್ದು ಯಾರು ರೀ?” ಅಂದಳು. ತಾನೇ ಅಂದ ಮೇಸ್ತ್ರಿ. “ನೀವು ಕಲಿಸಿದ್ದು ಬೀಳೋದನ್ನ. ಓಡಿಸೋದನ್ನ ಕಲಿಸಿದ್ದು ಪಕ್ಕದ ಮನೆಯವರು. ನೀವು ಕೆಲಸಕ್ಕೆ ಹೋದ ಮೇಲೆ ಬಂದು ಕಲಿಸೋರು.” ಹನ್ನೊಂದು ವರ್ಷದ ಹಿಂದಿನ ಮಾತು. ಅಷ್ಟೂ ವರ್ಷ ತಾಯಿ ಮಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

ಮಾರನೇ ದಿನ ಅವನು ವರ್ಕ್‌ಶಾಪಿನಲ್ಲಿ ಹೊಸ ಕಾನೂನು ತಂದ. ಅರ್ಥ ಆಗಲಿಲ್ಲ ಅಂದವರಿಗೆ ಮಷಿನ್ನಿನ ಮೊದಲ ಸರದಿ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಇದೇನೋ ಹೊಸ ಬಲೆ ಅಂದುಕೊಂಡಿರಬೇಕು. ಕೊನೆಗೆ ಹಿಂದಿನಿಂದ ಒಂದು ಹುಡುಗಿ, ಟೂಲಿನ ತುದಿ ಜಾಬಿನ, ಅಂದರೆ ತಿರುಗುವ ಕಬ್ಬಿಣದ, ನಡುಮಧ್ಯಕ್ಕೇ ಯಾಕೆ ಬರಬೇಕು ಅಂದಳು. ಮೇಸ್ತ್ರಿಯ ಕುತ್ತಿಗೆಯ ನರ ಉಬ್ಬಿತು. ಎರಡು ತಿಂಗಳಿಂದ ಅದನ್ನೇ ತಾನೇ ಹೇಳುತ್ತಿರುವುದು. ನಾಲಿಗೆ ಕಚ್ಚಿಕೊಂಡ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮೇಲಿಟ್ಟು ನೋಡು, ಕೆಳಗಿಟ್ಟು ನೋಡು, ಆಮೇಲೆ ನೀನೇ ಹೇಳು ಅಂದ. ಅವಳು ಮೇಲಿಟ್ಟಳು, ಟೂಲ್ ಕತ್ತರಿಸದೆ ಬರೀ ಉಜ್ಜಿ ಕಿರುಗುಟ್ಟಿತು. ಕೆಳಗಿಟ್ಟಳು, ಜಾಬ್ ಟೂಲಿನ ಮೇಲೇರಲು ನೋಡಿತು. ಗಂಟೆ ಮುಗಿಯುವಷ್ಟರಲ್ಲಿ ಹದಿನಾರು ಮಂದಿಗೂ ಏನೇನೋ ಅರ್ಥವಾಗದೆ ಹೋಗಿತ್ತು. ಅರ್ಧಕ್ಕರ್ಧ ಸರದಿ ಹೊಡೆಯುವ ಉಪಾಯ ಅಂತ ಅವನಿಗೆ ಗೊತ್ತಿತ್ತು. ಇರಲಿ ಬಿಡಿ, ಕಬ್ಬಿಣದ ಕಡಲೆಯನ್ನು ಹೇಗೋ ಬಾಯಿಗೆ ಹಾಕಿಕೊಂಡರಲ್ಲ.

ಐದನೇ ದಿನ ಸ್ಲೈಡ್ ಮೇಡಂ ಮತ್ತೆ ಎದ್ದರು. ಪರದೆ ಇಳಿಸಲೇ ಇಲ್ಲ. ಚೀಲದಿಂದ ಒಂದು ಸೌತೆಕಾಯಿ, ಒಂದು ಚಾಕು ತೆಗೆದು ಮೇಸ್ತ್ರಿಯ ಕೈಗಿಟ್ಟು, ಸಿಪ್ಪೆ ತೆಗೀರಿ ಅಂದರು. ಚಾಕುವನ್ನು ನೆಟ್ಟಗೆ ನಿಲ್ಲಿಸಿ ಎಳೆಯಿರಿ ಅಂದಾಗ ಅದು ಬರೀ ಕೆರೆಯಿತು. ವಾಲಿಸಿ ಎಂದಾಗ ಸಿಪ್ಪೆ ಸುರುಳಿಯಾಗಿ ಬಂತು. ಇನ್ನೂ ವಾಲಿಸಿ ಎಂದಾಗ ಚಾಕು ತಾನಾಗಿ ಒಳಕ್ಕೆ ಮುಳುಗಿ ಕಾಯಿ ಎರಡು ಹೋಳಾಯಿತು. ಏನಾಯಿತು ಹೇಳಿ ಅಂದು ಅವರು ಸುಮ್ಮನೆ ನಿಂತರು. ಪಾಠ ಮಾಡುವವರು ಸುಮ್ಮನೆ ನಿಂತದ್ದನ್ನು ಆ ಹಾಲು ಆವತ್ತೇ ಮೊದಲು ಕಂಡದ್ದು.

ಮೇಸ್ತ್ರಿ ಕಾಯಿಯ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದ. ಹಿತ್ತಾಳೆಗೆ ಟೂಲ್ ಮಸೆಯುವಾಗ ಅದರ ತಲೆಯನ್ನು ಚಪ್ಪಟೆ ಮಾಡಬೇಕು, ಕಬ್ಬಿಣಕ್ಕೆ ಮಾಡಿದ ಹಾಗೆ ವಾಲಿಸಬಾರದು. ಲೇತ್ ಅಂಗಡಿಯಲ್ಲಿ ಅವನ ಗುರು ಅದನ್ನು ಹೇಳಿಕೊಟ್ಟಿದ್ದ. ಯಾಕೆ ಅಂತ ಕೇಳಿದ್ದಕ್ಕೆ ಕೆನ್ನೆಗೆ ಒಂದು ಕೊಟ್ಟಿದ್ದ. ಆಮೇಲೆ ಇವನು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

“ಹಿತ್ತಾಳೆ ಟೂಲನ್ನ ಒಳಗೆ ಎಳ್ಕೊಳ್ಳುತ್ತೆ,” ಅಂದ. ದನಿ ಅವನದಲ್ಲ ಅನ್ನುವಷ್ಟು ಸಣ್ಣಗಿತ್ತು. “ಅದಕ್ಕೇ ಚಪ್ಪಟೆ. ಮೂವತ್ತು ವರ್ಷ ಆಯ್ತು ಮೇಡಂ, ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.”

ಹತ್ತಕ್ಕೆ ಹತ್ತು ಬಿತ್ತು. ಆ ತರಬೇತಿಯಲ್ಲಿ ಅದೊಂದೇ.

ಸರ್ಟಿಫಿಕೇಟ್ ಇಪ್ಪತ್ತೆರಡು ಮಂದಿಗೂ ಬಂತು, ನಾಲ್ಕು ತೆಗೆದವರಿಗೂ. ಮೇಸ್ತ್ರಿಗೆ ಬರಲಿಲ್ಲ. ಇವರನ್ನು ಪಾಠದಿಂದ ತೆಗೆಯಬೇಡಿ ಎಂದು ಹಿರಿಯ ಮೇಡಂ ಬರೆದುಕೊಟ್ಟ ಪತ್ರ ಮುಖ್ಯಸ್ಥರ ಡ್ರಾಯರಿನಲ್ಲಿ ನಿದ್ದೆಹೋಯಿತು.

ಹೊಸ ಅವಧಿಯ ಮೊದಲ ದಿನ ವರ್ಕ್‌ಶಾಪಿನ ತರಗತಿ ಸ್ಲೈಡ್ ಮೇಡಂ ಹೆಸರಿಗೆ ಬಿದ್ದಿತ್ತು. ಅವರು ಒಳಗೆ ಬರುವಷ್ಟರಲ್ಲಿ ಮೇಸ್ತ್ರಿ ಟೂಲ್ ಹಿಡಿದು ಪಾಠ ಶುರು ಮಾಡಿಬಿಟ್ಟಿದ್ದ. ಬಂದವರು ಒಂದು ಸ್ಟೂಲ್ ಎಳೆದುಕೊಂಡು ಮಕ್ಕಳ ನಡುವೆ ಕೂತು, ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಹತ್ತು ನಿಮಿಷಕ್ಕೆ ಮುಖ್ಯಸ್ಥರು ಬಂದರು. ಗಡಿಯಾರ ನೋಡಿ, ಮೇಸ್ತ್ರಿಯನ್ನು ನೋಡಿ, ನೀನು ಸ್ಟೋರಿಗೆ ಹೋಗು ಅಂದರು.

“ಹೋಗಲ್ಲ ಸಾರ್.”

ಮಕ್ಕಳೆಲ್ಲ ತಿರುಗಿ ನೋಡಿದರು.

“ಇಲ್ಲಿ ಒಬ್ಬರ ಬೆರಳು ಹೋದ್ರೆ ಸರ್ಟಿಫಿಕೇಟ್ ಸುತ್ತಿ ಕಟ್ಟೋಕಾಗಲ್ಲ. ನಾನು ಇಲ್ಲೇ ಇರ್ತೀನಿ. ಬೇಕಾದ್ರೆ ನೀವೇ ಎತ್ತಿ ಆಚೆ ಹಾಕಿ.”

ಎತ್ತಿ ಹಾಕುವ ಪ್ರಶ್ನೆಯೇ ಇರಲಿಲ್ಲ, ಮುಖ್ಯಸ್ಥರು ಒಣಗಿದ ಕಡ್ಡಿ. ಸ್ಲೈಡ್ ಮೇಡಂ ನಿಧಾನ ಎದ್ದು, ತರಗತಿಯ ಹೊಣೆ ನನ್ನದು ಸಾರ್, ರಿಜಿಸ್ಟರ್ ನಾನೇ ತುಂಬಿ ಕಳಿಸುತ್ತೇನೆ ಅಂದರು. ಕಾಗದ ಸರಿಯಿದ್ದರೆ ಮುಖ್ಯಸ್ಥರಿಗೆ ಲೋಕ ಸರಿ. ಹೊರಟುಹೋದರು.

ಮೇಡಂ ಹೇಳಿದಂತೆಯೇ ರಿಜಿಸ್ಟರ್ ತುಂಬಿದರು. ಅದರಲ್ಲಿ ‘ಪಾಠ ಮಾಡಿದವರು’ ಎಂದೊಂದು ಕಾಲಂ. ವರ್ಷವಿಡೀ, ಪ್ರತಿ ತರಗತಿಗೂ, ಅಲ್ಲಿ ಮೇಸ್ತ್ರಿಯ ಹೆಸರು ಬರೆದರು. ಶನಿವಾರ ಶನಿವಾರ ಅದು ಮೇಲಕ್ಕೆ ಹೋಗುತ್ತಿತ್ತು. ಮುಖ್ಯಸ್ಥರು ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟು, ಓದದೆ, ಪುಟದಿಂದ ಪುಟಕ್ಕೆ ಸಹಿ ಹಾಕುತ್ತಿದ್ದರು. ಮೇಸ್ತ್ರಿಗೆ ಇದೊಂದೂ ಗೊತ್ತಿರಲಿಲ್ಲ. ರಿಜಿಸ್ಟರ್ ಅಂದರೆ ಅವನಿಗೆ ಮೊದಲಿಂದಲೂ ಅಲರ್ಜಿ.

ವರ್ಷದ ಕೊನೆಗೆ ವಿಶ್ವವಿದ್ಯಾಲಯದ ತನಿಖೆಯವರು ಬಂದರು. ವರ್ಕ್‌ಶಾಪಿನ ನೂರಾ ಎಂಟು ತರಗತಿಗಳನ್ನು ತೆಗೆದುಕೊಂಡ ಈ ಮನುಷ್ಯ ಯಾರು, ಇವರು ಸಹಾಯಕರ ಪಟ್ಟಿಯಲ್ಲಿ ಯಾಕಿದ್ದಾರೆ ಎಂದು ಕೇಳಿದರು. ಅದು ತಪ್ಪು ಬರಹ ಅನ್ನೋಣ ಅಂದರೆ ನೂರಾ ಎಂಟು ಕಡೆ ಮುಖ್ಯಸ್ಥರದೇ ಸಹಿ. ಅನ್ನುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸರ್ಟಿಫಿಕೇಟ್ ಇಲ್ಲದವನಿಗೆ ಪಾಠ ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ, ಡ್ರಾಯರಿನಲ್ಲಿದ್ದ ಹಿರಿಯ ಮೇಡಂ ಪತ್ರವನ್ನು ತೆಗೆದು ಮುಂದಿಟ್ಟರು. ಒಂದು ತಿಂಗಳಿಗೆ ಆದೇಶ ಬಂತು. ಮೇಸ್ತ್ರಿ ಇನ್ನು ವರ್ಕ್‌ಶಾಪಿನ ಬೋಧಕ.

ಅವನು ಆ ಕಾಗದವನ್ನು ಎತ್ತಿ ಹಿಡಿದು ಆಫೀಸಿನ ತುಂಬ ಓಡಾಡಿದ. ಗುಮಾಸ್ತ ಕೈಕುಲುಕಿ, ಪಾಪ, ಆ ಮೇಡಂದೇ ಹೀಗಾಯಿತು ಅಂದ. ಏನಾಯಿತು ಎಂದು ಇವನು ಕೇಳಿದ. ತಾತ್ಕಾಲಿಕ ಅಧ್ಯಾಪಕರು ವರ್ಷಕ್ಕೆ ಇಷ್ಟು ಗಂಟೆ ಪಾಠ ಮಾಡಿರಬೇಕು, ಇಲ್ಲದಿದ್ದರೆ ಮುಂದುವರಿಸುವ ಹಾಗಿಲ್ಲ. ವರ್ಕ್‌ಶಾಪಿನ ಗಂಟೆಗಳೆಲ್ಲ ಮೇಸ್ತ್ರಿಯ ಹೆಸರಿಗೆ ಹೋಗಿದ್ದರಿಂದ ಅವರ ಲೆಕ್ಕ ಕಡಿಮೆ ಬಿದ್ದಿತ್ತು. ಹಿಂದಿನ ವಾರವೇ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು.

ಮೇಸ್ತ್ರಿ ಮುಖ್ಯಸ್ಥರ ಕೋಣೆಯ ಬಾಗಿಲನ್ನು ತಳ್ಳಿಕೊಂಡು ನುಗ್ಗಿದ. ನನ್ನ ಹೆಸರು ಹೊಡೆದುಹಾಕಿ, ಅವರ ಹೆಸರು ಬರೀರಿ ಅಂತ ಮೇಜು ಗುದ್ದಿದ. ಮುಖ್ಯಸ್ಥರು ಆವತ್ತು ಗಡಿಯಾರ ನೋಡಲಿಲ್ಲ.

“ಬರೀತೀನಿ ಕಣಯ್ಯ. ಸುಳ್ಳು ರಿಜಿಸ್ಟರ್ ಅಂತ ನನಗೂ ನೋಟಿಸ್ ಬರುತ್ತೆ, ಬರಲಿ. ನಿನ್ನ ಆದೇಶ ವಾಪಸ್ ಹೋಗುತ್ತೆ. ಅವರು ವಾಪಸ್ ಬರ್ತಾರೋ ಇಲ್ವೋ ನಾನು ಹೇಳಲಾರೆ. ಬರೀಲಾ?”

ಮೇಸ್ತ್ರಿ ಬಾಯಿ ತೆರೆದ. ಕಾಗದ ಅಂಗಿಯ ಜೇಬಿನಲ್ಲಿತ್ತು. ಬರೀರಿ ಅನ್ನುವುದು ಮೂರೇ ಅಕ್ಷರದ ಮಾತು. ಜೀವಮಾನದಲ್ಲಿ ಯಾರ ಮುಂದೆಯೂ ತಡವರಿಸದ ಗಂಟಲಿಂದ ಅದು ಹೊರಗೆ ಬರಲಿಲ್ಲ. ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಕಾಯುತ್ತಿದ್ದಾರೆ ಎಂದು ಹೊರಟುಬಂದ.

ಆಮೇಲೆ ವಿಶ್ವವಿದ್ಯಾಲಯಕ್ಕೆ ತನ್ನ ಕೈಯಾರೆ ಎರಡು ಕಾಗದ ಬರೆದ, ಮಗಳ ಹತ್ತಿರ ತಿದ್ದಿಸಿ. ಮೇಡಂ ಅವರನ್ನು ವಾಪಸ್ ಕರೆಸಿ ಎಂದು ಎರಡರಲ್ಲೂ ಇತ್ತು. ನನ್ನ ಆದೇಶ ವಾಪಸ್ ತಗೊಳ್ಳಿ ಎಂದು ಒಂದರಲ್ಲೂ ಇರಲಿಲ್ಲ. ಉತ್ತರ ಬರಲಿಲ್ಲ. ಗುಮಾಸ್ತನಿಂದ ನಂಬರು ಪಡೆದು ಒಂದು ಸಲ ಫೋನ್ ಮಾಡಿದ. ಬೇರೆ ಊರಿನ ಯಾವುದೋ ಕಾಲೇಜಿನಲ್ಲಿದ್ದರು, ಅಲ್ಲಿಯೂ ತಾತ್ಕಾಲಿಕವೇ. ಏನು ಹೇಳಬೇಕು ಎಂದು ಎರಡು ದಿನ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಅವರ ಹಲೋ ಕೇಳಿದ್ದೇ ತಡ, ನಿಮಗೆ ಯಾರು ಹೇಳಿದ್ದು ಹಾಗೆ ಬರೆಯೋಕೆ, ತಲೆ ಸರಿ ಇದೆಯಾ ಎಂದು ಕೂಗಿಬಿಟ್ಟ.

“ಪಾಠ ಮಾಡಿದ್ದು ಯಾರು ಅಂತ ಕಾಲಂ ಇತ್ತು, ಮೇಸ್ತ್ರಿಯವರೇ. ಇದ್ದದ್ದು ಬರೆದೆ,” ಅಂದರು. ತರಗತಿಗೆ ಹೊತ್ತಾಯಿತು ಎಂದು ಫೋನ್ ಇಟ್ಟರು.

ಫೋನಿನಲ್ಲಿ ಹೇಳದೆ ಉಳಿದದ್ದನ್ನು ಹೋಗಿ ಎದುರಿಗೆ ನಿಂತು ಹೇಳಿ ಬನ್ನಿ ಅಂತ ಹೆಂಡತಿ ಹೇಳುತ್ತಲೇ ಇದ್ದಾಳೆ. ಮುಂದಿನ ರಜೆಗೆ ಅನ್ನುತ್ತಾನೆ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಮೂರು ರಜೆ ಕಳೆದವು, ಹೋಗಿಲ್ಲ.